ಕಾಯಕ: ಗೋಡೆಯ ಬರಹವೋ, ಬಾಳಿನ ಅಭಿಮಾನವೋ?

ನಮ್ಮ ಸಮಾಜದ ಮನೆಗಳ ತಲೆಬಾಗಿಲ ಮೇಲೆ, ಪ್ರಸಾದ ನಿಲಯಗಳ ಗೋಡೆಗಳ ಮೇಲೆ, ಸಹಕಾರಿ ಸಂಘಗಳ ಫಲಕಗಳ ಮೇಲೆ, ಅಷ್ಟೇಕೆ, ಹೆದ್ದಾರಿಯಲ್ಲಿ ಓಡುವ ಲಾರಿಗಳ ಹಣೆಯ ಮೇಲೂ ಕಾಯಕವನ್ನು ಕೈಲಾಸಕ್ಕೆ ಸಮಗೊಳಿಸುವ ಆ ಎರಡು ಪದಗಳು ಕಾಣಸಿಗುತ್ತವೆ. ಹನ್ನೆರಡನೆಯ ಶತಮಾನದ ಶರಣರಿಂದ ನಮಗೆ ಬಂದ ಆಸ್ತಿಯಲ್ಲಿ ಇಷ್ಟು ಸುಲಭವಾಗಿ ಎಲ್ಲರ ನಾಲಗೆಯ ಮೇಲೆ ನಿಂತ ಮಾತು ಇನ್ನೊಂದಿಲ್ಲ. ಆದರೆ ಅದೇ ತಲೆಬಾಗಿಲನ್ನು ದಾಟಿ ಒಳಗೆ ಹೋಗಿ, ಮಗಳಿಗೆ ವರನನ್ನು ನೋಡುವ ಮಾತುಕತೆಯಲ್ಲಿ ಒಂದು ಗಳಿಗೆ ಕುಳಿತುಕೊಳ್ಳಿರಿ. "ಹುಡುಗ ಏನು ಮಾಡುತ್ತಾನೆ?" ಎಂಬ ಪ್ರಶ್ನೆ ಬರುತ್ತದೆ. "ಹೊಲ ಮಾಡಿಸುತ್ತಾನೆ" ಎಂದರೆ ಒಂದು ಮೌನ. "ಮಗ್ಗ ನಡೆಸುತ್ತಾನೆ" ಎಂದರೆ ಇನ್ನೂ ದೀರ್ಘವಾದ ಮೌನ. "ನೌಕರಿಯಲ್ಲಿದ್ದಾನೆ" ಎಂದ ಕೂಡಲೇ ಒಳಗಿನಿಂದ ಚಹಾ ಬರುತ್ತದೆ.

ಇದು ಉತ್ಪ್ರೇಕ್ಷೆಯ ಮಾತಲ್ಲ. 2023ರ ಫೆಬ್ರುವರಿಯಲ್ಲಿ ಮಂಡ್ಯ ಭಾಗದ ಅವಿವಾಹಿತ ಯುವಕರು, ಅವರಲ್ಲಿ ಬಹುಪಾಲು ರೈತರ ಮಕ್ಕಳು, ಕನ್ಯೆ ದೊರೆಯಲೆಂದು ಹರಕೆ ಹೊತ್ತು ಮಲೆಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಕೆಲವರು ಅದನ್ನು ಓದಿ ನಕ್ಕರು. ನನಗೆ ನಗು ಬರಲಿಲ್ಲ. ಒಬ್ಬ ಮನುಷ್ಯನಿಗೆ ತನ್ನ ಉದ್ಯೋಗದ ಬಗೆಗೆ ಯಾವ ಭಾವನೆಯಿದೆ ಎಂಬುದನ್ನು ಆ ಉದ್ಯೋಗ ಮಾತ್ರವೇ ತೀರ್ಮಾನಿಸುವುದಿಲ್ಲ. ಸುತ್ತಲಿನವರ ಕಣ್ಣು ತೀರ್ಮಾನಿಸುತ್ತದೆ. ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ, ನನ್ನದೇ ಒಂದು ತಪ್ಪಿನಿಂದ ಕಲಿತವನು. ಐವತ್ತು ವರ್ಷ ಮನಸ್ಸಿನಲ್ಲಿಟ್ಟುಕೊಂಡ ಆ ಸಂಗತಿಯನ್ನು ವಾಚಕ ಬಂಧುಗಳ ಮುಂದೆ ಇಂದು ನಿವೇದಿಸಿಕೊಳ್ಳುತ್ತೇನೆ.

ಒಂದು ಅರ್ಜಿಯ ನೆನಪು

ನನ್ನ ತಂದೆಯವರು ಇಳಕಲ್ಲ ಸೀಮೆಯ ಒಂದು ಹಳ್ಳಿಯಲ್ಲಿ ಸೀರೆ ನೇಯುತ್ತಿದ್ದರು. ಆಗ ಅದು ಅವಿಭಜಿತ ವಿಜಾಪುರ ಜಿಲ್ಲೆ. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಮನೆಯ ನಡುಮನೆಯಲ್ಲಿಯೇ ಕುಣಿಮಗ್ಗ. ತಂದೆಯವರು ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತರೆ ಸೂರ್ಯೋದಯದಿಂದ ದೀಪ ಹಚ್ಚುವವರೆಗೆ ಲಾಳಿಯ ಸದ್ದು ನಿಲ್ಲುತ್ತಿರಲಿಲ್ಲ. ಲಿಂಗಪೂಜೆ ಮುಗಿಯದೆ ಲಾಳಿ ಮುಟ್ಟುತ್ತಿರಲಿಲ್ಲ. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿನವರೆಗೆ ಇಳಿದಿರುತ್ತಿತ್ತು. ತಾಯಿ ಪಡಸಾಲೆಯಲ್ಲಿ ಕುಳಿತು ಕಂಡಿಕೆ ಸುತ್ತುತ್ತಿದ್ದರು.

1974ರ ಜೂನ್ ತಿಂಗಳಲ್ಲಿ ನನ್ನನ್ನು ಮಠದ ಉಚಿತ ಪ್ರಸಾದ ನಿಲಯಕ್ಕೆ ಬಿಟ್ಟು, ಪಟ್ಟಣದ ಪ್ರೌಢಶಾಲೆಗೆ ಸೇರಿಸಲು ತಂದೆಯವರು ಬಂದರು. ಪ್ರವೇಶದ ಅರ್ಜಿಯನ್ನು ನಾನೇ ತುಂಬಿದೆ. ಅದರಲ್ಲಿ 'ತಂದೆಯ ಉದ್ಯೋಗ' ಎಂದು ಒಂದು ಕಾಲಂ ಇತ್ತು. ನನ್ನ ಪಕ್ಕದಲ್ಲಿ ನಿಂತ ಹುಡುಗ ತನ್ನ ಅರ್ಜಿಯಲ್ಲಿ 'ಕಾರಕೂನರು' ಎಂದು ದುಂಡಗೆ ಬರೆದಿದ್ದ. ನಾನು ಕ್ಷಣಕಾಲ ಲೇಖನಿ ಎತ್ತಿ ಹಿಡಿದು, ಅನಂತರ 'ವ್ಯಾಪಾರ' ಎಂದು ಬರೆದೆ. ತಂದೆಯವರಿಗೆ ತಮ್ಮ ಹೆಸರಿನ ಅಕ್ಷರಗಳನ್ನು ಕೂಡಿಸಿ ಸಹಿ ಮಾಡುವಷ್ಟು ಮಾತ್ರ ಓದು ಬರುತ್ತಿತ್ತು. ಅರ್ಜಿಯನ್ನು ಕೈಗೆ ತೆಗೆದುಕೊಂಡು, "ಇಲ್ಲಿ ಏನ ಬರದೀ ತಮ್ಮಾ?" ಎಂದು ಅದೇ ಕಾಲಂ ಮೇಲೆ ಬೆರಳಿಟ್ಟು ಕೇಳಿದರು. "ನೇಕಾರಿಕೆ ಅಂತ ಬರದೇನಪ್ಪಾ" ಎಂದೆ. ಅವರು ಮುಖ ಅರಳಿಸಿ, ಆ ಸುಳ್ಳಿನ ಕೆಳಗೆ ತಮ್ಮ ಸಹಿ ಹಾಕಿದರು.

ಅಂದು ಸಂಜೆ ಪ್ರಸಾದ ನಿಲಯದ ಪ್ರಾರ್ಥನೆಯಲ್ಲಿ ಕಾಯಕದ ಹಿರಿಮೆಯನ್ನು ಸಾರುವ ವಚನಗಳನ್ನು ನೂರು ಕಂಠಗಳೊಡನೆ ನಾನೂ ಹಾಡಿದೆ. ಮುಂದೆ ಮಠದಲ್ಲಿಯೇ ಸಂಸ್ಕೃತ, ವಚನಶಾಸ್ತ್ರ ಓದಿದೆ. ಊರೂರು ತಿರುಗಿ ಕಾಯಕತತ್ತ್ವದ ಮೇಲೆ ಪ್ರವಚನ ಮಾಡಿದೆ. ತಂದೆಯವರು ಲಿಂಗೈಕ್ಯರಾಗುವವರೆಗೆ ಆ ಅರ್ಜಿಯ ಮಾತನ್ನು ಅವರಿಗೆ ಹೇಳಲು ನನ್ನಿಂದ ಆಗಲಿಲ್ಲ.

ಹೆಸರಿನ ಮುಂದೆ ಕಾಯಕ

ವಚನಗಳನ್ನು ಅಭ್ಯಾಸ ಮಾಡುವಾಗಲೆಲ್ಲ ಒಂದು ವಿಷಯ ನನ್ನನ್ನು ಚುಚ್ಚುತ್ತಿತ್ತು. ಶರಣರು ತಮ್ಮ ಉದ್ಯೋಗವನ್ನು ಮರೆಮಾಚಲಿಲ್ಲ. ಅದು ಅವರ ಹೆಸರಿನ ಮುಂದೆಯೇ ನಿಂತಿತು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ತುರುಗಾಹಿ ರಾಮಣ್ಣ, ನುಲಿಯ ಚಂದಯ್ಯ, ವೈದ್ಯ ಸಂಗಣ್ಣ. ಬಟ್ಟೆ ಒಗೆಯುವವರು, ದೋಣಿ ನಡೆಸುವವರು, ಬುಟ್ಟಿ ಹೆಣೆಯುವವರು, ದನ ಕಾಯುವವರು, ಹಗ್ಗ ಹೊಸೆಯುವವರು, ಔಷಧ ಕೊಡುವವರು. ಶರಣೆಯರಲ್ಲಿ ಕದಿರ ರೆಮ್ಮವ್ವೆ ನೂಲು ತೆಗೆಯುವವಳು, ಕೊಟ್ಟಣದ ಸೋಮಮ್ಮ ಭತ್ತ ಕುಟ್ಟುವವಳು. ಅವರಿಗೂ ಮೊದಲಿನವನೆಂದು ಹೇಳಲಾಗುವ, ಮುದನೂರಿನ ಜೇಡರ ದಾಸಿಮಯ್ಯ ನೇಯುವವನು. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರೊಂದಿಗೆ ಇವರೆಲ್ಲ ಒಂದೇ ಸಾಲಿನಲ್ಲಿ ಕುಳಿತರು. ಇಂದು ನಮ್ಮಲ್ಲಿ ಕೆಲವರು ಅರ್ಜಿಯ ಕಾಲಂನಲ್ಲಿ ಬರೆಯಲು ನಾಚುವ ಪದವನ್ನು ಅವರು ತಮ್ಮ ಹೆಸರಿನ ಮುಕುಟವನ್ನಾಗಿ ಧರಿಸಿದರು.

ಇಲ್ಲಿ ಒಂದು ಅಪಾರ್ಥಕ್ಕೆ ಎಡೆ ಕೊಡಬಾರದು. ಕಾಯಕವೆಂದರೆ ಹುಟ್ಟಿನಿಂದ ಅಂಟಿದ ಜಾತಿಕಸುಬಲ್ಲ. ಮೋಳಿಗೆ ಮಾರಯ್ಯನು ಕಾಶ್ಮೀರದ ಅರಸನಾಗಿದ್ದು, ರಾಜ್ಯವನ್ನು ಬಿಟ್ಟು ಕಲ್ಯಾಣಕ್ಕೆ ಬಂದು ಸೌದೆ ಹೊರುವ ಕಾಯಕ ಹಿಡಿದನೆಂದು ನಮ್ಮ ಪರಂಪರೆ ಹೇಳುತ್ತದೆ. ಅಂದರೆ ಕಾಯಕವನ್ನು ಆರಿಸಿಕೊಳ್ಳಬಹುದು, ಬದಲಿಸಿಕೊಳ್ಳಬಹುದು. ನೇಕಾರನ ಮಗ ನೇಕಾರನೇ ಆಗಬೇಕೆಂದು ಶರಣರು ವಿಧಿಸಲಿಲ್ಲ. ಅವರು ಕೇಳಿದ್ದು ಇಷ್ಟೇ: ಮಾಡುವ ಕೆಲಸದಲ್ಲಿ ನಿನ್ನ ದೇಹ ದಣಿದಿದೆಯೆ? ಬಂದ ಗಳಿಕೆ ಶುದ್ಧವೆ? ಅದರಲ್ಲಿ ಅನ್ಯರಿಗೆ ಪಾಲಿದೆಯೆ?

ಮಗ್ಗದ ಮನೆಯಲ್ಲಿ

ಕಳೆದ ಶ್ರಾವಣದಲ್ಲಿ ಪ್ರವಚನದ ನಿಮಿತ್ತ ಆ ಭಾಗಕ್ಕೆ ಹೋದವನು ನಮ್ಮ ಚಿಕ್ಕಪ್ಪನ ಮಗನ ಮನೆಯಲ್ಲಿ ಎರಡು ದಿನ ಇದ್ದೆ. ಐವತ್ತೈದು ದಾಟಿದ ಅವನು ಈಗಲೂ ಕುಣಿಮಗ್ಗದ ಮೇಲೆ ನೇಯುತ್ತಾನೆ. ಇಳಕಲ್ಲ ಸೀರೆಯ ವೈಶಿಷ್ಟ್ಯವನ್ನು ನಮ್ಮ ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ. ಸಾಂಪ್ರದಾಯಿಕ ಸೀರೆಯಲ್ಲಿ ಒಡಲಿನ ಹಾಸು ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು. ಇವೆರಡನ್ನು ಎಳೆಗೆ ಎಳೆಯಾಗಿ ಕುಣಿಕೆ ಹಾಕಿ ಬೆಸೆಯುವ ಕ್ರಮಕ್ಕೆ 'ಕೊಂಡಿ' ಎನ್ನುತ್ತಾರೆ. ಕೆಂಪು ಸೆರಗಿನ ಮೇಲೆ ಬಿಳಿಯ ತೋಪು ತೆನೆ ಮೂಡುತ್ತದೆ. ಅಂಚಿನಲ್ಲಿ ಚಿಕ್ಕಿ, ಗೋಮಿ ಮೊದಲಾದ ಬಗೆಗಳುಂಟು. ಎಂಟು, ಒಂಬತ್ತು ಗಜದ ಸೀರೆಯನ್ನು ಉಟ್ಟು ಹೊಲಕ್ಕೂ ಹೋಗಬಹುದು, ಮದುವೆಗೂ ಹೋಗಬಹುದು. ಈ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ.

ನಾನು ಅವನನ್ನು ನೇರವಾಗಿಯೇ ಕೇಳಿದೆ: "ತಮ್ಮಾ, ಇಷ್ಟು ವರ್ಷ ಇದೇ ಕೆಲಸ ಮಾಡಿದಿ. ನಿನ್ನ ಮನಸ್ಸಿಗೆ ಹೇಗೆ ಅನಿಸುತ್ತದೆ?"

ಅವನು ಲಾಳಿಯನ್ನು ಕೈಯಲ್ಲಿ ಹಿಡಿದೇ ಉತ್ತರಿಸಿದ: "ಅಣ್ಣಾ, ಮಗ್ಗಕ್ಕ ಕುಂತಾಗ ನನಗ ಬ್ಯಾಸರ ಆಗೂದಿಲ್ಲ. ಸೀರಿ ಒಯ್ದು ಕೊಟ್ಟು ಮಜೂರಿ ಎಣಸೂ ಮುಂದ ಬ್ಯಾಸರ ಆಗತೈತಿ. ಮಂದಿ 'ಇನ್ನೂ ಮಗ್ಗನ ಹಿಡದಿ ಏನೋ' ಅಂದಾಗ ಅದಕ್ಕಿಂತ ಹೆಚ್ಚ ಆಗತೈತಿ."

ಈ ಮೂರು ವಾಕ್ಯಗಳಲ್ಲಿ ಇಡೀ ವಿಷಯವಿದೆ. ಕೆಲಸ ಅವನಿಗೆ ಭಾರವಲ್ಲ. ಕುಣಿಯ ತೇವಕ್ಕೆ ಮೊಣಕಾಲು ಹಿಡಿದುಕೊಳ್ಳುತ್ತದೆ, ಕಣ್ಣು ಮಂಜಾಗುತ್ತದೆ. ಅದನ್ನೂ ಅವನು ದೂರಲಿಲ್ಲ. ಅವನನ್ನು ನೋಯಿಸುತ್ತಿರುವುದು ಎರಡು: ದುಡಿಮೆಗೆ ತಕ್ಕದ್ದಲ್ಲದ ಕೂಲಿ ಮತ್ತು ಜನರ ತಾತ್ಸಾರ.

ಕೂಲಿಯ ಮಾತನ್ನು ಅಂಕಿಅಂಶಗಳೂ ಸಮರ್ಥಿಸುತ್ತವೆ. ಕೇಂದ್ರ ಸರ್ಕಾರ 2019-20ರಲ್ಲಿ ನಡೆಸಿದ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ 35 ಲಕ್ಷಕ್ಕೂ ಮೇಲ್ಪಟ್ಟು ಕೈಮಗ್ಗ ಕಾರ್ಮಿಕರಿದ್ದಾರೆ. ಆದರೆ ನೇಕಾರ ಕುಟುಂಬಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನಷ್ಟರ ತಿಂಗಳ ವರಮಾನ 5,000 ರೂಪಾಯಿಗಿಂತ ಕಡಿಮೆ. ಕೈಮಗ್ಗವನ್ನು ಉಳಿಸುವ ಯತ್ನಗಳು ನಡೆದೇ ಇಲ್ಲವೆಂದಲ್ಲ. ನಮ್ಮ ರಾಜ್ಯದಲ್ಲಿ 1975ರಲ್ಲಿ ಕೈಮಗ್ಗ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆಯನ್ನು ಸಂಸತ್ತು 1985ರಲ್ಲಿ ಮಾಡಿತು. 2015ರಿಂದ ಆಗಸ್ಟ್ 7ನ್ನು ರಾಷ್ಟ್ರೀಯ ಕೈಮಗ್ಗ ದಿನವೆಂದು ಆಚರಿಸಲಾಗುತ್ತಿದೆ. ಹೀಗಿದ್ದರೂ ವಿದ್ಯುತ್ ಮಗ್ಗದಲ್ಲಿ ತಯಾರಾದ, ನೋಡಲು ಅದರಂತೆಯೇ ಇರುವ ಸೀರೆ ಪೇಟೆಯಲ್ಲಿ ಅಗ್ಗವಾಗಿ ದೊರೆಯುವಾಗ, ಕೈಮಗ್ಗದ ಸೀರೆಯ ಬೆಲೆ ಕೇಳಿದ ಗಿರಾಕಿ ಹುಬ್ಬೇರಿಸುತ್ತಾನೆ. ಆ ಗಿರಾಕಿ ಬೇರೆ ಯಾರೋ ಅಲ್ಲ, ನಾವೇ.

ಶರಣರ ಹೆಸರು ಹೇಳಿ ಕಡಿಮೆ ಕೂಲಿಯನ್ನು ಸಮರ್ಥಿಸುವವರೂ ಉಂಟು. "ಕಾಯಕ ಮಾಡಬೇಕು, ಫಲ ಕೇಳಬಾರದು" ಎಂದು ಆಳಿಗೆ ಉಪದೇಶಿಸುವ ಯಜಮಾನರನ್ನು ನಾನು ಕಂಡಿದ್ದೇನೆ. ಅವರಿಗೆ ನುಲಿಯ ಚಂದಯ್ಯನ ಕಥೆಯನ್ನು ನೆನಪಿಸಬಯಸುತ್ತೇನೆ. ಅವನು ಹೊಸೆದ ಹಗ್ಗಕ್ಕೆ ಮಹಾಮನೆಯಲ್ಲಿ ಸಾವಿರ ಹೊನ್ನು ಕೊಟ್ಟಾಗ, ಹಗ್ಗದ ಬೆಲೆಗಿಂತ ಹೆಚ್ಚಿನದು ತನಗೆ ಸಲ್ಲದೆಂದು ನಿರಾಕರಿಸಿದನೆಂಬ ಕಥೆ ಪ್ರಸಿದ್ಧವಾಗಿದೆ. ಹೆಚ್ಚಿನದನ್ನು ಬೇಡವೆಂದವನು ನ್ಯಾಯವಾದ ಬೆಲೆಯನ್ನು ಬಿಟ್ಟುಕೊಟ್ಟನೆಂದು ಯಾರೂ ಹೇಳಿಲ್ಲ. ಹಗ್ಗಕ್ಕೆ ಹಗ್ಗದ ಬೆಲೆ ಸಲ್ಲಬೇಕು ಎಂಬುದು ಆ ಕಥೆಯ ತಿರುಳು. ಹೆಚ್ಚು ಪಡೆಯುವುದು ಹೇಗೆ ದೋಷವೋ, ಕಡಿಮೆ ಕೊಡುವುದೂ ಹಾಗೆಯೇ ದೋಷ. ಕಾಯಕದ ನಿಯಮ ದುಡಿಯುವವನಿಗೆ ಮಾತ್ರವಲ್ಲ, ದುಡಿಸಿಕೊಳ್ಳುವವನಿಗೂ ಇದೆ.

ಲೆಕ್ಕಕ್ಕೆ ಬಾರದ ಕೈಗಳು

ನಮ್ಮ ಮಾತುಕತೆ ನಡೆದಾಗ ತಮ್ಮನ ಹೆಂಡತಿ ರಾಟೆಯ ಮುಂದೆ ಕುಳಿತಿದ್ದಳು. ನಾನು ಅವಳನ್ನು ಏನೂ ಕೇಳಿರಲಿಲ್ಲ. ಅವಳೇ ತಲೆ ತಗ್ಗಿಸಿ ಮೆಲ್ಲನೆ ಹೇಳಿದಳು: "ಭಾವಾರ, ಸೀರಿ ನೇದವ್ರು ಇವ್ರು ಅಂತ ಎಲ್ಲಾರೂ ಅಂತಾರ. ನೂಲು ಸುತ್ತಿದಾಕಿ ಯಾರು, ಕೊಂಡಿ ಹಾಕಿದಾಕಿ ಯಾರು ಅಂತ ಒಬ್ರೂ ಕೇಳೂದಿಲ್ಲ."

ನನಗೆ ಥಟ್ಟನೆ ನನ್ನ ತಾಯಿಯ ನೆನಪಾಯಿತು. ಅರ್ಜಿಯಲ್ಲಿ ತಂದೆಯ ಉದ್ಯೋಗವನ್ನು ನಾನು ತಪ್ಪಾಗಿ ಬರೆದೆ. ತಾಯಿಯ ಉದ್ಯೋಗಕ್ಕೆ ಅಲ್ಲಿ ಕಾಲಂ ಇರಲೇ ಇಲ್ಲ. ಮೇಲೆ ಹೇಳಿದ ಗಣತಿಯಲ್ಲಿ ದೇಶದ ಕೈಮಗ್ಗ ನೇಕಾರರ ಪೈಕಿ ನೂರಕ್ಕೆ 72ರಷ್ಟು ಮಂದಿ ಹೆಂಗಸರು ಎಂದು ದಾಖಲಾಗಿದೆ. ಕಂಡಿಕೆ ಸುತ್ತುವುದು, ಬಣ್ಣ ಹಾಕುವುದು, ಗಂಜಿ ಕೊಡುವುದು ಮುಂತಾದ ಪೂರಕ ಕೆಲಸಗಳು ಬೇರೆ. ನಮ್ಮ ರೈತಾಪಿ ಮನೆಗಳಲ್ಲಿಯೂ ಇದೇ ಸ್ಥಿತಿ. ಬಿತ್ತನೆ, ಕಳೆ, ಕೊಯ್ಲು, ಹೈನುಗಳಲ್ಲಿ ಅರ್ಧಕ್ಕಿಂತ ಹೆಚ್ಚು ದುಡಿದ ತಾಯಿಯನ್ನು ಯಾರಾದರೂ "ಏನು ಮಾಡುತ್ತೀರಿ?" ಎಂದು ಕೇಳಿದರೆ, "ಏನೂ ಇಲ್ಲ, ಮನೆಯಲ್ಲಿಯೇ ಇರುತ್ತೇನೆ" ಎಂದು ಉತ್ತರ ಬರುತ್ತದೆ. ಈ 'ಏನೂ ಇಲ್ಲ' ಎಂಬುದನ್ನು ಅವರ ಬಾಯಲ್ಲಿ ಇಟ್ಟವರು ಯಾರು?

ಆಯ್ದಕ್ಕಿ ಲಕ್ಕಮ್ಮನನ್ನು ಇಲ್ಲಿ ಸ್ಮರಿಸಬೇಕು. ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದ ದಿನ, ಅದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿಸಿದವಳು ಅವಳು. ಆ ಮನೆಯ ಕಾಯಕದಲ್ಲಿ ಅವಳು ಸಹಾಯಕಳಾಗಿರಲಿಲ್ಲ, ಸಮಾನಳಾಗಿದ್ದಳು; ಒಮ್ಮೊಮ್ಮೆ ಗುರುವೂ ಆಗಿದ್ದಳು. ಲಕ್ಕಮ್ಮನ ಭಾವಚಿತ್ರವನ್ನು ಸಭಾಭವನದಲ್ಲಿ ತೂಗುಹಾಕುವುದರ ಜೊತೆಗೆ, ನಮ್ಮ ಮನೆಯ ಲಕ್ಕಮ್ಮಂದಿರ ದುಡಿಮೆಯನ್ನು ದುಡಿಮೆ ಎಂದು ಕರೆಯುವುದನ್ನು ಕಲಿಯಬೇಕಾಗಿದೆ.

ನೌಕರಿಯೂ ಕಾಯಕವೇ

ಆ ದಿನಗಳಲ್ಲಿ ತಮ್ಮನ ಮಗನೂ ರಜೆಗೆಂದು ಬಂದಿದ್ದ. ಬೆಂಗಳೂರಿನ ಒಂದು ಕಂಪನಿಯಲ್ಲಿ ಕಂಪ್ಯೂಟರ್ ಕೆಲಸ. ಹಳೆಯ ತಲೆಮಾರಿನವರು ಇಂಥವರನ್ನು ಕಂಡಾಗ ಕಸುಬು ಬಿಟ್ಟು ಹೋದವರೆಂದು ಆಕ್ಷೇಪಿಸುವುದುಂಟು. ನಾನು ಹಾಗೆ ಮಾಡಲಾರೆ. ಅವನು ಹೇಳಿದ ಮಾತು ಪ್ರಾಮಾಣಿಕವಾಗಿತ್ತು. "ದೊಡ್ಡಪ್ಪಾ, ತಿಂಗಳ ಮೊದಲ ದಿನ ಪಗಾರ ಬರತೈತಿ ಅನ್ನೂ ನೆಮ್ಮದಿ ಅಪ್ಪಗ ಒಂದ ದಿನಾನೂ ಸಿಕ್ಕಿಲ್ಲ. ನಾನು ಅದನ್ನ ನೋಡಿ ಬೆಳದೇನಿ" ಎಂದ. ಅವನು ಕಳುಹಿಸುವ ಹಣದಿಂದಲೇ ಮನೆಯ ಮಾಳಿಗೆ ದುರಸ್ತಿಯಾಗಿದೆ, ತಾಯಿಯ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿದೆ. ಇದು ದಾಸೋಹವಲ್ಲದೆ ಮತ್ತೇನು? ಶುದ್ಧ ಮನಸ್ಸಿನಿಂದ ಮಾಡಿದ ಗುಮಾಸ್ತಿಕೆಯೂ ಕಾಯಕ, ಶಿಕ್ಷಕವೃತ್ತಿಯೂ ಕಾಯಕ, ಬಸ್ಸು ನಡೆಸುವುದೂ ಕಾಯಕ, ಬೆಳಗಿನ ಜಾವ ಬೀದಿ ಗುಡಿಸುವುದೂ ಕಾಯಕ.

ಆದರೆ ಮರುದಿನ ಸಂಜೆ, ಹಳ್ಳದ ದಂಡೆಗೆ ನನ್ನೊಡನೆ ತಿರುಗಾಡಲು ಬಂದಾಗ ಅವನು ಇನ್ನೊಂದು ವಿಷಯ ತೆಗೆದ. ಕಚೇರಿಯಲ್ಲಿ ಒಂದು ಹಬ್ಬದ ದಿನ ಎಲ್ಲರೂ ದೇಸಿ ಉಡುಪು ಧರಿಸಿ ಬಂದಿದ್ದರಂತೆ. ಸಹೋದ್ಯೋಗಿಯೊಬ್ಬಳು ಇಳಕಲ್ಲ ಸೀರೆ ಉಟ್ಟಿದ್ದಳು. ಎಲ್ಲರೂ ಹೊಗಳುತ್ತಿದ್ದರು. "ಇದನ್ನ ನಮ್ಮಪ್ಪ ನೇಯತಾರ ಅಂತ ಹೇಳಬೇಕಂತ ಬಾಯಿತನಕ ಬಂತು ದೊಡ್ಡಪ್ಪಾ. ಹೇಳಲಿಲ್ಲ. ಯಾಕ ಹೇಳಲಿಲ್ಲ ಅಂತ ಇನ್ನೂ ತಿಳಿದಿಲ್ಲ" ಎಂದ.

ಅವನಿಗೆ ತಿಳಿಯದ ಕಾರಣ ನನಗೆ ತಿಳಿದಿತ್ತು. ನಾನು ಯಾರಿಗೂ ಹೇಳದಿದ್ದ ಅರ್ಜಿಯ ಕಥೆಯನ್ನು ಅಂದು ಆ ಹುಡುಗನಿಗೆ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ಅಜ್ಜಗ ಕಡೀತನಕ ಗೊತ್ತಾಗಲಿಲ್ಲೇನು?" ಎಂದು ಕೇಳಿದ. "ಇಲ್ಲ. ಅದೇ ನನ್ನ ದುಃಖ. ನಿನ್ನ ತಂದೆ ಇನ್ನೂ ಇದ್ದಾನೆ" ಎಂದೆ. ಮರುದಿನ ಬೆಳಿಗ್ಗೆ ನಾನು ಹೊರಡುವಾಗ ಅವನು ಮಗ್ಗದ ಪಕ್ಕದಲ್ಲಿ ಕುಳಿತು, ಸೆರಗಿಗೆ ತೆನೆ ಎತ್ತುವುದು ಹೇಗೆಂದು ತಂದೆಯನ್ನು ಕೇಳುತ್ತಿದ್ದ. ಅವನು ಊರಿಗೆ ಮರಳಿ ನೇಕಾರನಾಗುವುದಿಲ್ಲ, ಆಗಬೇಕಾದದ್ದೂ ಇಲ್ಲ. ಆದರೆ ತಂದೆಯ ಮುಖದ ಮೇಲೆ ಅಂದು ಕಂಡ ಕಳೆಯನ್ನು ನಾನು ಹಿಂದೆ ಒಮ್ಮೆ ಕಂಡಿದ್ದೆ: 1974ರಲ್ಲಿ, ಅರ್ಜಿಗೆ ಸಹಿ ಹಾಕುವಾಗ. ಅಂದಿನದು ಸುಳ್ಳಿನ ಮೇಲೆ ನಿಂತ ಸಂತೋಷ. ಇಂದಿನದು ನಿಜವಾದದ್ದು.

ನಾವೇನು ಮಾಡಬಹುದು?

ಬರಿಯ ಮರುಗುವಿಕೆಯಿಂದ ಪ್ರಯೋಜನವಿಲ್ಲ. ನಮ್ಮ ಕೈಯಲ್ಲಿರುವ ಕೆಲವು ಸಂಗತಿಗಳನ್ನು ವಿನಂತಿಸಿಕೊಳ್ಳುತ್ತೇನೆ.

ಮೊದಲನೆಯದಾಗಿ, ವರನನ್ನು ನೋಡುವಾಗ "ಎಲ್ಲಿ ನೌಕರಿ?" ಎಂಬ ಪ್ರಶ್ನೆಯ ಜೊತೆಗೆ "ದುಡಿಮೆಯಲ್ಲಿ ನಿಷ್ಠೆಯುಂಟೆ? ದುಶ್ಚಟವಿಲ್ಲವಷ್ಟೆ? ಸಾಲವೆಷ್ಟು? ಮನೆಯಲ್ಲಿ ಹೆಣ್ಣಿನ ಮಾತಿಗೆ ಬೆಲೆಯುಂಟೆ?" ಎಂದು ಕೇಳೋಣ. ಹೆಣ್ಣು ಹೆತ್ತವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮಳೆ ಕೈಕೊಟ್ಟ ವರ್ಷ ರೈತನ ಮನೆಯ ಕಷ್ಟ ಎಲ್ಲರಿಗೂ ಗೊತ್ತು. ಆದರೂ ವಿಚಾರಿಸದೆಯೇ ಬಾಗಿಲು ಮುಚ್ಚುವುದು ಶರಣ ಮಾರ್ಗವಲ್ಲ.

ಎರಡನೆಯದಾಗಿ, ಮಠಗಳಲ್ಲಿ, ಸಮಾಜದ ಸಮಾರಂಭಗಳಲ್ಲಿ ವರ್ಷಕ್ಕೆ ಅದೆಷ್ಟೋ ಶಾಲುಗಳನ್ನು ಹೊದಿಸುತ್ತೇವೆ. ಮನೆಗೆ ಹೋದ ಮೇಲೆ ಯಾರೂ ಬಳಸದ ಹೊಳಪಿನ ಶಾಲುಗಳ ಬದಲು ಕೈಮಗ್ಗದ ವಸ್ತ್ರವನ್ನು, ಸಾಧ್ಯವಾದರೆ ನೇಕಾರರಿಂದಲೇ, ಅವರು ಹೇಳಿದ ಬೆಲೆಗೆ ಚೌಕಾಸಿ ಇಲ್ಲದೆ ಕೊಳ್ಳಬಹುದು. ಕಾಯಕದ ಮೇಲೆ ಒಂದು ಗಂಟೆ ಭಾಷಣ ಮಾಡುವುದಕ್ಕಿಂತ ಇದು ಹೆಚ್ಚಿನ ಪ್ರವಚನ.

ಮೂರನೆಯದಾಗಿ, ಮನೆಯ ಖರ್ಚುವೆಚ್ಚದ ಲೆಕ್ಕ ಬರೆಯುವವರು ಒಂದು ತಿಂಗಳ ಮಟ್ಟಿಗೆ ಮನೆಯ ಹೆಂಗಸರು ಮಾಡಿದ ದುಡಿಮೆಯನ್ನೂ ಬರೆದು ನೋಡಲಿ. ಆ ಪುಟ ಯಾವ ಪ್ರವಚನಕಾರನೂ ಹೇಳದ ಪಾಠವನ್ನು ಹೇಳುತ್ತದೆ.

ನಾಲ್ಕನೆಯದಾಗಿ, ಮಕ್ಕಳಿಗೆ ತಂದೆತಾಯಿಗಳ ಕೆಲಸವನ್ನು ತೋರಿಸೋಣ. ಅದನ್ನೇ ಮಾಡಲಿ ಎಂದಲ್ಲ, ಅದರ ಬೆಲೆ ತಿಳಿಯಲಿ ಎಂದು. ಶಾಲೆಯ ಅರ್ಜಿ ತುಂಬುವ ದಿನ ಮಗುವಿನ ಪಕ್ಕದಲ್ಲಿ ಕುಳಿತು, ಉದ್ಯೋಗದ ಕಾಲಂನಲ್ಲಿ ಇದ್ದದ್ದನ್ನು ಇದ್ದಂತೆ ಬರೆಯಿಸೋಣ. ಮಗುವಿನ ಲೇಖನಿ ಅಲ್ಲಿ ಒಂದು ಕ್ಷಣ ನಿಂತರೆ, ಯಾಕೆ ನಿಂತಿತೆಂದು ಪ್ರೀತಿಯಿಂದ ಕೇಳೋಣ.

ನನ್ನ ಆ ಹಳೆಯ ಅರ್ಜಿಯನ್ನು ಈಗ ತಿದ್ದಲಾಗದು. ಅದು ಯಾವ ಕಪಾಟಿನಲ್ಲಿ ಗೆದ್ದಲು ತಿಂದು ಹೋಗಿದೆಯೋ! ಆದರೆ ಲೇಖನ ಕಳುಹಿಸುವಾಗಲೆಲ್ಲ ಸಂಪಾದಕರು ಲೇಖಕರ ಕಿರುಪರಿಚಯ ಕೇಳುವುದು ವಾಡಿಕೆ. ಇದುವರೆಗೆ ನಾನು ಓದಿದ ಮಠ, ಪಡೆದ ಪದವಿ, ಬರೆದ ಪುಸ್ತಕಗಳನ್ನು ಬರೆದು ಕಳುಹಿಸುತ್ತಿದ್ದೆ. ಈ ಸಲ ಅವುಗಳೆಲ್ಲಕ್ಕೂ ಮೇಲೆ ಒಂದು ಸಾಲು ಸೇರಿಸಿದ್ದೇನೆ: 'ತಂದೆ ನೇಕಾರರು, ತಾಯಿ ನೂಲು ಸುತ್ತುತ್ತಿದ್ದರು.' ಸ್ಥಳಾಭಾವವಿದ್ದರೆ ಉಳಿದುದನ್ನು ಕೈಬಿಟ್ಟು ಈ ಸಾಲನ್ನು ಮಾತ್ರ ಉಳಿಸಿಕೊಳ್ಳಬೇಕೆಂದು ಸಂಪಾದಕರಲ್ಲಿ ಪ್ರಾರ್ಥನೆ.